ರಾಕ್ ಹಾಲ್ ಆಫ್ ಫೇಮ್: ಸತ್ತ ಮೇಲೆ ಸನ್ಮಾನವೇಕೆ?

2024ರ ಅಕ್ಟೋಬರ್ 19ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಆ ವರ್ಷದ ಸಮಾರಂಭ ನಡೆಯಿತು. ಗೌರವ ಪಡೆದವರಲ್ಲಿ ಡೆಟ್ರಾಯಿಟ್‌ನ ಎಂಸಿ ಫೈವ್ ಎಂಬ ಬ್ಯಾಂಡ್ ಕೂಡ ಇತ್ತು. ಅದು ಐವರ ತಂಡ. ಗಾಯಕ ರಾಬ್ ಟೈನರ್ 1991ರಲ್ಲಿ, ಗಿಟಾರ್ ನುಡಿಸುತ್ತಿದ್ದ ಫ್ರೆಡ್ ಸ್ಮಿತ್ 1994ರಲ್ಲಿ, ಬೇಸ್ ನುಡಿಸುತ್ತಿದ್ದ ಮೈಕಲ್ ಡೇವಿಸ್ 2012ರಲ್ಲಿ ತೀರಿಕೊಂಡಿದ್ದರು. ಉಳಿದಿದ್ದ ಇಬ್ಬರಲ್ಲಿ ಗಿಟಾರ್ ವಾದಕ ವೇಯ್ನ್ ಕ್ರೇಮರ್ 2024ರ ಫೆಬ್ರವರಿಯಲ್ಲಿ ಹೋದರು. ಏಪ್ರಿಲ್‌ನಲ್ಲಿ ಆಯ್ಕೆಯ ಸುದ್ದಿ ಬಂತು. ಮೇ ತಿಂಗಳಲ್ಲಿ ಡ್ರಮ್ಮರ್ ಡೆನಿಸ್ ಥಾಮ್ಸನ್ ಕಣ್ಣುಮುಚ್ಚಿದರು. ಆರು ಸಲ ನಾಮನಿರ್ದೇಶನಗೊಂಡು ಆರು ಸಲವೂ ಮತದಾನದಲ್ಲಿ ಸೋತ ತಂಡವದು. ಕೊನೆಗೂ ಬಾಗಿಲು ತೆರೆದಾಗ ಒಳಗೆ ಕಾಲಿಡಲು ಒಬ್ಬರೂ ಉಳಿದಿರಲಿಲ್ಲ.

ಇದು ಕಾಕತಾಳೀಯವಾಗಿದ್ದರೆ ಬೇಸರಪಟ್ಟು ಸುಮ್ಮನಾಗಬಹುದಿತ್ತು. ಆದರೆ ಈ ಸಂಸ್ಥೆಯ ಚರಿತ್ರೆಯಲ್ಲಿ ಇಂಥದ್ದು ಮತ್ತೆ ಮತ್ತೆ ನಡೆದಿದೆ. ಮೊದಲು ಎಂಸಿ ಫೈವ್‌ನ ಕತೆಯನ್ನೇ ನೋಡಿ. ಅದು ತನ್ನ ಮೊದಲ ಆಲ್ಬಮ್ಮನ್ನೇ ಸ್ಟುಡಿಯೋದಲ್ಲಿ ಮಾಡದೆ, 1968ರ ಅಕ್ಟೋಬರ್ ಕೊನೆಯ ಎರಡು ರಾತ್ರಿ ಡೆಟ್ರಾಯಿಟ್‌ನ ಗ್ರ್ಯಾಂಡಿ ಬಾಲ್‌ರೂಂನಲ್ಲಿ ಜನರ ಎದುರು ನುಡಿಸಿ ಮುದ್ರಿಸಿಕೊಂಡಿತು. ಆ ಅಬ್ಬರ, ಆ ಧಾವಂತ, ಆ ಒರಟುತನಕ್ಕೆ ಆಗಿನ್ನೂ ಹೆಸರಿರಲಿಲ್ಲ. ಎಂಟು ಹತ್ತು ವರ್ಷಗಳ ನಂತರ ಅದನ್ನೇ ಜಗತ್ತು ಪಂಕ್ ಎಂದು ಕರೆಯಿತು. ಪಂಕ್‌ನ ದೊಡ್ಡ ಹೆಸರುಗಳಾದ ರಮೋನ್ಸ್ 2002ರಲ್ಲಿ, ಕ್ಲ್ಯಾಶ್ 2003ರಲ್ಲಿ ಹಾಲ್ ಆಫ್ ಫೇಮ್ ಸೇರಿದವು. ಅವರಿಗೆ ದಾರಿ ತೋರಿದವರು ಇನ್ನೂ ಎರಡು ದಶಕ ಹೊರಗೆ ನಿಂತಿದ್ದರು.

ಯಾವ ರಾಕ್ ಬ್ಯಾಂಡ್‌ಗೆ ಈ ಗೌರವ ಸಿಗಬೇಕು, ಯಾವುದಕ್ಕೆ ಬೇಡ ಎಂಬ ಚರ್ಚೆ ಪ್ರತಿ ವರ್ಷ ಹೊಸ ಪಟ್ಟಿ ಪ್ರಕಟವಾದ ಕೂಡಲೇ ಶುರುವಾಗುತ್ತದೆ. ಒಬ್ಬರು ಮಾರಾಟದ ಲೆಕ್ಕ ತೆಗೆಯುತ್ತಾರೆ, ಇನ್ನೊಬ್ಬರು ಗಿಟಾರ್ ವಾದಕನ ಕೈಚಳಕ ಹೊಗಳುತ್ತಾರೆ, ಮತ್ತೊಬ್ಬರಿಗೆ ತಮ್ಮ ಹದಿಹರೆಯದ ಬ್ಯಾಂಡೇ ದೊಡ್ಡದು. ನನ್ನ ಅಳತೆಗೋಲು ಬೇರೆ. ಆ ಬ್ಯಾಂಡ್ ಇಲ್ಲದಿದ್ದರೆ ಅದರ ನಂತರ ಬಂದ ಸಂಗೀತದಲ್ಲಿ ಏನೇನು ಇರುತ್ತಿರಲಿಲ್ಲ ಎಂದು ಕೇಳಬೇಕು. ಕುಂದಗೋಳದ ಸವಾಯಿ ಗಂಧರ್ವರ ಧ್ವನಿಮುದ್ರಿಕೆಗಳು ಇಂದು ಎಷ್ಟು ಜನರ ಮನೆಯಲ್ಲಿವೆ? ಅವರ ದೊಡ್ಡಸ್ತಿಕೆಯನ್ನು ನಾವು ಕೇಳುವುದು ಶಿಷ್ಯರಾದ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಕಂಠದಲ್ಲಿ. ರಾಕ್ ಬ್ಯಾಂಡ್‌ಗಳನ್ನೂ ಹಾಗೆಯೇ ಅಳೆಯಬೇಕು ಎನ್ನುವವನು ನಾನು. ಜೊತೆಗೆ ಇನ್ನೊಂದು ಮಾತು: ಆ ಅಳತೆಯಲ್ಲಿ ಗೆದ್ದವರನ್ನು ಅವರು ಬದುಕಿರುವಾಗಲೇ ಕರೆಯಬೇಕು.

ಈ ಸಂಸ್ಥೆ ಹುಟ್ಟಿದ್ದು 1983ರಲ್ಲಿ. ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿದ ಅಹ್ಮೆಟ್ ಎರ್ಟೆಗುನ್ ಮುಂದಾಳು. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಯಾನ್ ವೆನ್ನರ್ ಮತ್ತು ಸಂಗೀತೋದ್ಯಮದ ಇನ್ನು ಕೆಲವರು ಜೊತೆಗಿದ್ದರು. ಮೊದಲ ಸಮಾರಂಭ 1986ರ ಜನವರಿಯಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆಯಿತು. ಚಕ್ ಬೆರ್ರಿ, ಎಲ್ವಿಸ್ ಪ್ರೀಸ್ಲಿ, ಲಿಟಲ್ ರಿಚರ್ಡ್, ಬಡ್ಡಿ ಹಾಲಿ, ಫ್ಯಾಟ್ಸ್ ಡಾಮಿನೋ, ಜೆರ್ರಿ ಲೀ ಲೂಯಿಸ್, ರೇ ಚಾರ್ಲ್ಸ್, ಜೇಮ್ಸ್ ಬ್ರೌನ್, ಸ್ಯಾಮ್ ಕುಕ್, ಎವರ್ಲಿ ಸೋದರರು ಮೊದಲ ಪಂಕ್ತಿಯಲ್ಲಿ ಕೂತರು. ಅದರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಅರೀತಾ ಫ್ರ್ಯಾಂಕ್ಲಿನ್ ಬಂದದ್ದು ಮರುವರ್ಷ. ಕ್ಲೀವ್‌ಲ್ಯಾಂಡ್‌ನ ಈರಿ ಸರೋವರದ ದಡದಲ್ಲಿ ವಾಸ್ತುಶಿಲ್ಪಿ ಐ.ಎಂ. ಪೇ ರೂಪಿಸಿದ ಗಾಜಿನ ಪಿರಮಿಡ್‌ನಂಥ ಮ್ಯೂಸಿಯಂ ತೆರೆದದ್ದು 1995ರ ಸೆಪ್ಟೆಂಬರ್‌ನಲ್ಲಿ. ಆ ಊರಿಗೂ ಹಕ್ಕಿತ್ತು. ರಾಕ್ ಅಂಡ್ ರೋಲ್ ಎಂಬ ಹೆಸರನ್ನು ರೇಡಿಯೋದಲ್ಲಿ ಮನೆಮಾತು ಮಾಡಿದ ಅಲನ್ ಫ್ರೀಡ್ 1952ರ ಮಾರ್ಚ್‌ನಲ್ಲಿ ತಮ್ಮ ಹೆಸರಾಂತ ಸಂಗೀತ ಕಾರ್ಯಕ್ರಮವನ್ನು ಏರ್ಪಡಿಸಿದ್ದು ಅಲ್ಲಿಯೇ. ಜನ ಮಿತಿಮೀರಿ ನುಗ್ಗಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಆಯ್ಕೆಯ ಕ್ರಮ ಹೀಗಿದೆ. ಮೊದಲ ಧ್ವನಿಮುದ್ರಣ ಮಾರುಕಟ್ಟೆಗೆ ಬಂದು 25 ವರ್ಷವಾದ ಮೇಲೆ ಕಲಾವಿದ ಅಥವಾ ತಂಡ ಅರ್ಹತೆ ಪಡೆಯುತ್ತದೆ. ಒಂದು ಚಿಕ್ಕ ಸಮಿತಿ ಆ ವರ್ಷದ ನಾಮನಿರ್ದೇಶಿತರ ಪಟ್ಟಿ ಮಾಡುತ್ತದೆ. ಅದು ಸಾವಿರಕ್ಕೂ ಹೆಚ್ಚು ಮತದಾರರ ಬಳಿ ಹೋಗುತ್ತದೆ. ಈಗಾಗಲೇ ಹಾಲ್ ಆಫ್ ಫೇಮ್ ಸೇರಿರುವ ಸಂಗೀತಗಾರರು, ಇತಿಹಾಸಕಾರರು, ಪತ್ರಕರ್ತರು ಮತ್ತು ಉದ್ಯಮದವರು ಆ ಮತದಾರರು. ಯಾರಿಗೆ ಎಷ್ಟು ಮತ ಬಿತ್ತು ಎಂಬುದನ್ನು ಮಾತ್ರ ಸಂಸ್ಥೆ ಎಂದೂ ಹೊರಗೆ ಹೇಳುವುದಿಲ್ಲ. ನಿಜವಾದ ಅಧಿಕಾರ ಇರುವುದು ಆ ಚಿಕ್ಕ ಸಮಿತಿಯ ಕೈಯಲ್ಲಿ. ಅದು ಹೆಸರೇ ಎತ್ತದ ಬ್ಯಾಂಡ್‌ಗೆ ಸಾವಿರ ಮತದಾರರಿದ್ದೂ ಪ್ರಯೋಜನವಿಲ್ಲ.

ಬ್ಲ್ಯಾಕ್ ಸಬಾತ್‌ನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸಂಸ್ಥೆ ಎಲ್ಲಿ ಎಡವಿತು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ಒಂದು ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ 17ರ ಹುಡುಗ ಟೋನಿ ಅಯೋಮಿ, ಮುಂದೆ ಆ ತಂಡದ ಗಿಟಾರ್ ವಾದಕ. ಸಂಗೀತವನ್ನೇ ನೆಚ್ಚಿ ಕೆಲಸ ಬಿಡಲು ಹೊರಟಿದ್ದ. ಅವತ್ತು ಅವನ ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನಿಗೆ ಮತ್ತೆ ಹೋಗುವ ಮನಸ್ಸಿರಲಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದರು. ಆ ಮಧ್ಯಾಹ್ನ ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಹಾಕಿತು. ಅಯೋಮಿ ಎಡಚ. ಎಂದರೆ ಗಿಟಾರ್‌ನ ತಂತಿ ಒತ್ತುವುದೇ ಬಲಗೈಯಲ್ಲಿ. ಇನ್ನು ನುಡಿಸುವುದು ಸಾಧ್ಯವಿಲ್ಲ ಎಂದು ಕುಗ್ಗಿ ಕೂತವನಿಗೆ ಕಾರ್ಖಾನೆಯ ಮೇಸ್ತ್ರಿ ಒಂದು ರೆಕಾರ್ಡ್ ತಂದು ಕೇಳಿಸಿದರು. ಬೆಂಕಿಯಲ್ಲಿ ಕೈ ಸುಟ್ಟು, ಎಡಗೈಯ ಎರಡೇ ಬೆರಳಲ್ಲಿ ತಂತಿಯ ಮೇಲೆ ಸ್ವರಗಳನ್ನು ಓಡಿಸುತ್ತಿದ್ದ ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ಅದು.

ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ತಂತಿಯ ಮೇಲೆ ಜಾರದಿರಲೆಂದು ಅದಕ್ಕೆ ಚರ್ಮ ಅಂಟಿಸಿದ. ಆದರೂ ಗಟ್ಟಿ ತಂತಿ ಒತ್ತುವುದು ಕಷ್ಟವಾದ್ದರಿಂದ ತೆಳುವಾದ ತಂತಿ ಹಾಕಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಆ ತಗ್ಗಿದ ಶ್ರುತಿಯ ಭಾರವಾದ, ಕಪ್ಪು ಮೋಡದಂಥ ನಾದ ಇಂದು ಜಗತ್ತಿನ ಯಾವ ಮೂಲೆಯಲ್ಲಿ ಹೆವಿ ಮೆಟಲ್ ನುಡಿಸಿದರೂ ಕೇಳುತ್ತದೆ. ಕಾರ್ಖಾನೆಯ ಕೆಲಸಗಾರನೊಬ್ಬನ ಗಾಯದಿಂದ ಒಂದು ಸಂಗೀತ ಪ್ರಕಾರವೇ ರೂಪ ಪಡೆಯಿತು ಎಂದರೆ ಉತ್ಪ್ರೇಕ್ಷೆಯಾಗದು. ತಂಡದ ಮೊದಲ ಆಲ್ಬಮ್ ಲಂಡನ್ನಿನಲ್ಲಿ ಒಂದೇ ದಿನದಲ್ಲಿ ಮುದ್ರಣವಾಗಿ 1970ರ ಫೆಬ್ರವರಿ 13ರಂದು ಹೊರಬಂತು.

‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆದ ಲೆಸ್ಟರ್ ಬ್ಯಾಂಗ್ಸ್ ಆ ಆಲ್ಬಮ್ಮನ್ನು ಕ್ರೀಮ್ ತಂಡದ ಕೆಟ್ಟ ಅನುಕರಣೆ ಎಂಬ ಧಾಟಿಯಲ್ಲಿ ತಳ್ಳಿಹಾಕಿದರು. ಒಬ್ಬ ವಿಮರ್ಶಕನಿಗೆ ಒಂದು ಆಲ್ಬಮ್ ಹಿಡಿಸದಿರಲು ಎಲ್ಲ ಹಕ್ಕೂ ಇದೆ. ತೊಂದರೆ ಇರುವುದು ಬೇರೆಡೆ. ಆ ಪತ್ರಿಕೆಯ ಒಡೆಯರೇ ಮುಂದೆ ಹಾಲ್ ಆಫ್ ಫೇಮ್ ಕಟ್ಟಿದವರಲ್ಲಿ ಒಬ್ಬರಾದರು. ಆ ಪತ್ರಿಕೆಯ ಸುತ್ತ ಬೆಳೆದ ಅಭಿರುಚಿಯೇ ಸಂಸ್ಥೆಯ ಅಭಿರುಚಿಯೂ ಆಯಿತು. ಹೆವಿ ಮೆಟಲ್ ಎಂದರೆ ಒರಟು ಹುಡುಗರ ಗಲಾಟೆ, ಪ್ರೋಗ್ರೆಸಿವ್ ರಾಕ್ ಎಂದರೆ ಒಣ ಪಾಂಡಿತ್ಯ ಎಂಬ ತಾತ್ಸಾರ ಅಲ್ಲಿ ಬಹಳ ಕಾಲ ಉಳಿಯಿತು. ಬ್ಲ್ಯಾಕ್ ಸಬಾತ್‌ಗೆ 1995ರಲ್ಲಿ ಅರ್ಹತೆ ಬಂದರೂ ಮನ್ನಣೆ ಸಿಕ್ಕಿದ್ದು 2006ರಲ್ಲಿ. ನಡುವೆ 1999ರಲ್ಲಿ ಗಾಯಕ ಆಜಿ ಆಸ್ಬಾರ್ನ್ ಬೇಸತ್ತು ತಮ್ಮ ತಂಡದ ಹೆಸರನ್ನು ಪಟ್ಟಿಯಿಂದ ತೆಗೆಯಿರಿ ಎಂದು ಬಹಿರಂಗವಾಗಿ ಕೇಳಿದ್ದರು. ಅಭಿಮಾನಿಗಳು ಮತ ಹಾಕದ ಮೇಲೆ ಆ ನಾಮನಿರ್ದೇಶನಕ್ಕೆ ಬೆಲೆಯಿಲ್ಲ ಎಂಬುದು ಅವರ ನಿಲುವಾಗಿತ್ತು. 2006ರಲ್ಲಿ ಅವರನ್ನು ವೇದಿಕೆಗೆ ಬರಮಾಡಿಕೊಂಡವರು ಮೆಟಾಲಿಕಾದ ಲಾರ್ಸ್ ಉಲ್ರಿಚ್ ಮತ್ತು ಜೇಮ್ಸ್ ಹೆಟ್‌ಫೀಲ್ಡ್.

ಡೀಪ್ ಪರ್ಪಲ್‌ನ ಪ್ರಕರಣ ಇನ್ನೂ ನೋವಿನದು. ಗಿಟಾರ್ ಕಲಿಯಲು ಕೂತವರಲ್ಲಿ ಅವರ 1972ರ ‘ಸ್ಮೋಕ್ ಆನ್ ದ ವಾಟರ್’ನ ಆರಂಭದ ಸ್ವರಗಳನ್ನು ಪ್ರಯತ್ನಿಸದವರು ಅಪರೂಪ. ಬೆಂಗಳೂರಿನ ವಾದ್ಯದ ಅಂಗಡಿಗಳಲ್ಲೂ ಹುಡುಗರು ಗಿಟಾರ್ ಕೈಗೆತ್ತಿಕೊಂಡರೆ ಮೊದಲು ಹೊರಡುವುದು ಅದೇ. ಈ ತಂಡಕ್ಕೆ 1993ರ ಸುಮಾರಿಗೆ ಅರ್ಹತೆ ಬಂತು, ಗೌರವ ಸಿಕ್ಕಿದ್ದು 2016ರಲ್ಲಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಂಸ್ಕಾರವನ್ನು ಹ್ಯಾಮಂಡ್ ಆರ್ಗನ್ನಿನ ಮೂಲಕ ಹಾರ್ಡ್ ರಾಕ್‌ಗೆ ತಂದ ಜಾನ್ ಲಾರ್ಡ್ 2012ರ ಜುಲೈನಲ್ಲೇ ತೀರಿಕೊಂಡಿದ್ದರು. ಆ ಸಂಜೆ ತಂಡವನ್ನು ಪರಿಚಯಿಸಿದವರು ಮತ್ತೆ ಲಾರ್ಸ್ ಉಲ್ರಿಚ್. ಬಾಲಕನಾಗಿದ್ದಾಗ ಕೋಪನ್‌ಹೇಗನ್‌ನಲ್ಲಿ ಕಂಡ ಡೀಪ್ ಪರ್ಪಲ್ ಕಾರ್ಯಕ್ರಮವೇ ತನ್ನ ಬದುಕಿನ ದಿಕ್ಕು ಬದಲಿಸಿತು ಎಂದು ಹೇಳಿಕೊಳ್ಳುವವರು ಅವರು. ಅವರ ಮೆಟಾಲಿಕಾ 2009ರಲ್ಲೇ ಒಳಗಿತ್ತು. ಶಿಷ್ಯ ಏಳು ವರ್ಷ ಮೊದಲು ಒಳಗೆ ಹೋಗಿ ಗುರುವಿಗಾಗಿ ವಾದಿಸಬೇಕಾಯಿತು ಎಂದಾದರೆ ಅಳತೆಗೋಲೇ ತಲೆಕೆಳಗಾಗಿದೆ ಎಂದರ್ಥ.

ಪ್ರೋಗ್ರೆಸಿವ್ ರಾಕ್‌ನವರದ್ದೂ ಇದೇ ಹಣೆಬರಹ. ಯೆಸ್ ತಂಡ ಸೇರಿದ್ದು 2017ರಲ್ಲಿ. ಅದರ ಬೆನ್ನೆಲುಬಾಗಿದ್ದ ಬೇಸ್ ವಾದಕ ಕ್ರಿಸ್ ಸ್ಕ್ವಯರ್ 2015ರಲ್ಲಿ ಹೋಗಿದ್ದರು. ಮೂಡಿ ಬ್ಲೂಸ್ ಆಯ್ಕೆಯಾಗಿದೆ ಎಂಬ ಸುದ್ದಿ 2017ರ ಡಿಸೆಂಬರ್‌ನಲ್ಲಿ ಬಂತು. ಕೊಳಲು ನುಡಿಸುತ್ತಿದ್ದ ರೇ ಥಾಮಸ್ ಜನವರಿ ಮೊದಲ ವಾರದಲ್ಲಿ ತೀರಿಕೊಂಡರು, ಸಮಾರಂಭ ಏಪ್ರಿಲ್‌ನಲ್ಲಿತ್ತು. ರಶ್ ತಂಡದ ಮೂವರೂ 2013ರಲ್ಲಿ ಒಟ್ಟಿಗೆ ವೇದಿಕೆ ಏರಿದರು ಎಂಬುದೇ ದೊಡ್ಡ ಸಮಾಧಾನ. ಅವರ ಡ್ರಮ್ಮರ್ ನೀಲ್ ಪಿಯರ್ಟ್ 2020ರಲ್ಲಿ ಇಲ್ಲವಾದರು.

ಮಾರಾಟ ಮತ್ತು ಜನಪ್ರಿಯತೆಯ ವಾದಕ್ಕೆ ಬರೋಣ. 2018ರ ಮತಪತ್ರದಲ್ಲಿ ಬಾನ್ ಜೋವಿ ಇತ್ತು, ಜೂಡಾಸ್ ಪ್ರೀಸ್ಟ್ ಇತ್ತು, ಎಂಸಿ ಫೈವ್ ಕೂಡ ಇತ್ತು. ಮತದಾರರು ಬಾನ್ ಜೋವಿಯನ್ನು ಆರಿಸಿದರು. ಉಳಿದೆರಡನ್ನು ಬಿಟ್ಟರು. ಬಾನ್ ಜೋವಿಯ ಹಾಡುಗಳನ್ನು ನಾನು ಇಷ್ಟಪಟ್ಟು ಕೇಳಿದ್ದೇನೆ, ಅವುಗಳಲ್ಲಿ ಜನರನ್ನು ಒಂದೇ ದನಿಯಲ್ಲಿ ಹಾಡಿಸುವ ಶಕ್ತಿಯಿದೆ. ಆದರೆ ಬಾನ್ ಜೋವಿಯನ್ನು ಚರಿತ್ರೆಯಿಂದ ತೆಗೆದರೆ ಕೆಲವು ಒಳ್ಳೆಯ ಹಾಡುಗಳು ಹೋಗುತ್ತವೆ, ಅಷ್ಟೆ. ಜೂಡಾಸ್ ಪ್ರೀಸ್ಟ್ ತೆಗೆದರೆ ಎರಡು ಗಿಟಾರ್‌ಗಳು ಜೋಡಿಯಾಗಿ ಓಡುವ ಮೆಟಲ್ ಶೈಲಿ, ಆ ಕರಿಚರ್ಮ ಮತ್ತು ಲೋಹದ ಗುಂಡಿಗಳ ವೇಷ, ಅದನ್ನು ನೋಡಿ ಬೆಳೆದ ನೂರಾರು ತಂಡಗಳ ಭಾಷೆಯೇ ಹೋಗುತ್ತದೆ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನ್ಯೂಯಾರ್ಕ್‌ನ ವೆಲ್ವೆಟ್ ಅಂಡರ್‌ಗ್ರೌಂಡ್. 1967ರಲ್ಲಿ ಬಂದ ಅವರ ಮೊದಲ ಆಲ್ಬಮ್ ಆಗ ಕೊಂಡವರು ತೀರಾ ಕಡಿಮೆ. ಕೊಂಡವರೆಲ್ಲ ತಾವೇ ಒಂದೊಂದು ಬ್ಯಾಂಡ್ ಕಟ್ಟಿದರು ಎಂಬ ಅರ್ಥದ ಬ್ರಯನ್ ಈನೋ ಅವರ ಮಾತು ಸಂಗೀತಲೋಕದಲ್ಲಿ ಪ್ರಸಿದ್ಧ. ಆ ತಂಡವನ್ನು 1996ರಲ್ಲೇ ಸೇರಿಸಿಕೊಂಡದ್ದು ಹಾಲ್ ಆಫ್ ಫೇಮ್‌ನ ಒಳ್ಳೆಯ ತೀರ್ಮಾನಗಳಲ್ಲಿ ಒಂದು. ಅಲ್ಲಿಯೂ ಗಿಟಾರ್ ವಾದಕ ಸ್ಟರ್ಲಿಂಗ್ ಮಾರಿಸನ್ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು.

ಅಭಿಮಾನಿಗಳ ಮತಕ್ಕೆ ಬೆಲೆ ಕೊಡುತ್ತೇವೆ ಎಂದು ಸಂಸ್ಥೆ 2012ರಿಂದ ಸಾರ್ವಜನಿಕ ಮತದಾನ ನಡೆಸುತ್ತಿದೆ. ಅದರಲ್ಲಿ ಮುಂದಿರುವವರ ಹೆಸರು ಸೇರಿ ಒಂದು ಮತಪತ್ರವಾಗುತ್ತದೆ. ಸಾವಿರಕ್ಕೂ ಹೆಚ್ಚು ಮತಪತ್ರಗಳ ನಡುವೆ ಅದು ಒಂದು. 2020ರಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಅಭಿಮಾನಿಗಳ ಮತ ಬಿದ್ದು ಮೊದಲ ಸ್ಥಾನ ಸಿಕ್ಕಿತು, ಆದರೂ ಆ ವರ್ಷ ಆಯ್ಕೆಯಾಗಲಿಲ್ಲ. 2025ರಲ್ಲಿ ಫಿಶ್ ತಂಡಕ್ಕೂ ಹೀಗೆಯೇ ಆಯಿತು. ಜನಪ್ರಿಯತೆಯೇ ಅಂತಿಮವಾಗಬಾರದು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಲಕ್ಷಾಂತರ ಜನರನ್ನು ಮತ ಹಾಕಲು ಕರೆದ ಮೇಲೆ ಅವರ ಮತಕ್ಕೆ ಸಾಂಕೇತಿಕ ಬೆಲೆಯಷ್ಟೇ ಇರುವುದು ಸರಿಯಲ್ಲ. ಒಂದೋ ಅದಕ್ಕೆ ತೂಕ ಕೊಡಲಿ, ಇಲ್ಲವೇ ಕೇಳುವುದನ್ನು ನಿಲ್ಲಿಸಲಿ.

ಬ್ಯಾಂಡ್‌ಗಳ ಬಗ್ಗೆ ಇಷ್ಟು ಮಾತಾಡುವಾಗ ಎಲ್ಲ ಬ್ಯಾಂಡ್‌ಗಳಿಗೂ ಮೊದಲು ವಿದ್ಯುತ್ ಗಿಟಾರ್ ಹಿಡಿದು ನಿಂತ ಹೆಂಗಸೊಬ್ಬರನ್ನು ಮರೆಯುವಂತಿಲ್ಲ. ಸಿಸ್ಟರ್ ರೊಸೆಟಾ ಥಾರ್ಪ್ 1915ರಲ್ಲಿ ಆರ್ಕನ್ಸಾದ ಕಾಟನ್ ಪ್ಲಾಂಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ತಾಯಿಯೊಂದಿಗೆ ಚರ್ಚುಗಳಲ್ಲಿ ಹಾಡುತ್ತ ಬೆಳೆದರು. 1944ರಲ್ಲಿ ಅವರು ಮುದ್ರಿಸಿದ ಭಕ್ತಿಗೀತೆಯೊಂದು ಮರುವರ್ಷ ಕಪ್ಪುಜನರ ಸಂಗೀತದ ಮಾರಾಟಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಅದನ್ನೇ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಎನ್ನುವ ಇತಿಹಾಸಕಾರರಿದ್ದಾರೆ. ಬಾಲಕ ಲಿಟಲ್ ರಿಚರ್ಡ್‌ನನ್ನು ಜಾರ್ಜಿಯಾದ ಮೇಕನ್‌ನಲ್ಲಿ ವೇದಿಕೆಗೆ ಕರೆದು ಹಾಡಿಸಿದವರು ಅವರೇ. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಪಾಳುಬಿದ್ದ ರೈಲು ನಿಲ್ದಾಣವೊಂದರಲ್ಲಿ ಟಿವಿಗಾಗಿ ನಡೆದ ಅವರ ಕಾರ್ಯಕ್ರಮದ ಚಿತ್ರ ಈಗಲೂ ನೋಡಸಿಗುತ್ತದೆ. ಒಂದು ಪ್ಲಾಟ್‌ಫಾರಂನಲ್ಲಿ ಪ್ರೇಕ್ಷಕರು, ಹಳಿಗಳಾಚೆ ಎದುರಿನ ಪ್ಲಾಟ್‌ಫಾರಂನಲ್ಲಿ ವೇದಿಕೆ. ಮಳೆ ಬಂದು ನೆಲ ಒದ್ದೆಯಾಗಿತ್ತು. ಅವರು ಕುದುರೆಗಾಡಿಯಲ್ಲಿ ಬಂದಿಳಿದು, ದಪ್ಪ ಕೋಟು ತೊಟ್ಟೇ ಬಿಳಿ ಗಿಟಾರ್ ಹೆಗಲಿಗೇರಿಸಿ, ಮಳೆಯ ಹಾಡನ್ನೇ ಎತ್ತಿಕೊಂಡರು. ನಡುವೆ ಬರುವ ಅವರ ಗಿಟಾರ್ ವಾದನವನ್ನು ಕೇಳಿದರೆ ಚಕ್ ಬೆರ್ರಿ ಎಲ್ಲಿಂದ ಕಲಿತರು ಎಂದು ಯಾರೂ ಹೇಳಿಕೊಡಬೇಕಿಲ್ಲ.

ರೊಸೆಟಾ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ದಶಕಗಳ ಕಾಲ ಅವರ ಸಮಾಧಿಯ ಮೇಲೆ ಒಂದು ಕಲ್ಲೂ ಇರಲಿಲ್ಲ. ಹಾಲ್ ಆಫ್ ಫೇಮ್ 1986ರ ಮೊದಲ ವರ್ಷವೇ ರಾಬರ್ಟ್ ಜಾನ್ಸನ್, ಜಿಮ್ಮಿ ರಾಜರ್ಸ್, ಜಿಮ್ಮಿ ಯಾನ್ಸಿಯವರನ್ನು ಪೂರ್ವಸೂರಿಗಳೆಂದು ಗೌರವಿಸಿತು. ಅದೇ ಸಾಲಿನಲ್ಲಿ ರೊಸೆಟಾ ಹೆಸರು ಸೇರಲು 2018ರವರೆಗೆ ಕಾಯಬೇಕಾಯಿತು. ಇದಕ್ಕೆ ನೆಪ ಹುಡುಕಲು ನನಗೆ ಸಾಧ್ಯವಿಲ್ಲ.

ಮಹಿಳೆಯರ ಲೆಕ್ಕ ಒಟ್ಟಾರೆಯಾಗಿಯೂ ನಾಚಿಕೆ ತರಿಸುವಂಥದ್ದು. ವಿಮರ್ಶಕಿ ಎವೆಲಿನ್ ಮೆಕ್‌ಡೊನೆಲ್ 2019ರಲ್ಲಿ ಎಣಿಸಿದಾಗ ಅದುವರೆಗೆ ಸೇರಿದವರಲ್ಲಿ ಮಹಿಳೆಯರು ಶೇ 7.7 ಮಾತ್ರ. ಗೋ-ಗೋಸ್ ತಂಡದ ಐವರು ಯುವತಿಯರು ತಾವೇ ಹಾಡು ಬರೆದು, ತಾವೇ ವಾದ್ಯ ನುಡಿಸಿ 1982ರಲ್ಲಿ ಅಮೆರಿಕದ ಆಲ್ಬಮ್ ಪಟ್ಟಿಯ ತುದಿಗೇರಿದರು. ಮಹಿಳೆಯರೇ ಇರುವ ಅಂಥ ಬ್ಯಾಂಡ್ ಅದಕ್ಕೂ ಮೊದಲು ಆ ಸ್ಥಾನ ಮುಟ್ಟಿರಲಿಲ್ಲ. ಅವರ ಹೆಸರು ಮೊದಲ ಬಾರಿ ಮತಪತ್ರಕ್ಕೆ ಬಂದದ್ದು 2021ರಲ್ಲಿ. ಬಂದ ಕೂಡಲೇ ಗೆದ್ದರು. ಅಂದರೆ ಮತದಾರರಿಗೆ ತಕರಾರಿರಲಿಲ್ಲ, ಸಮಿತಿಗೆ ನೆನಪಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಯಾನ್ ವೆನ್ನರ್ ತಮ್ಮ ಸಂದರ್ಶನಗಳ ಪುಸ್ತಕದಲ್ಲಿ ಬರೀ ಬಿಳಿಯ ಗಂಡಸರೇ ಏಕಿದ್ದಾರೆ ಎಂಬ ಪ್ರಶ್ನೆಗೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಉತ್ತರಿಸುತ್ತ, ಮಹಿಳೆಯರೂ ಕಪ್ಪು ಕಲಾವಿದರೂ ಆ ಬೌದ್ಧಿಕ ಮಟ್ಟದಲ್ಲಿ ಮಾತಾಡಬಲ್ಲವರಲ್ಲ ಎಂಬರ್ಥದ ಮಾತಾಡಿದರು. ಮರುದಿನವೇ ಅವರನ್ನು ಹಾಲ್ ಆಫ್ ಫೇಮ್ ಮಂಡಳಿಯಿಂದ ತೆಗೆಯಲಾಯಿತು. ಆದರೆ ಆ ಮನೋಭಾವ ದಶಕಗಳ ಕಾಲ ಆ ಮನೆಯ ಮುಂಬಾಗಿಲಲ್ಲೇ ಕೂತಿತ್ತು ಎಂಬುದನ್ನು ಮರೆಯಬಾರದು.

ಹಿಪ್‌ಹಾಪ್‌ನವರನ್ನು, ಪಾಪ್ ಗಾಯಕರನ್ನು ಸೇರಿಸಿಕೊಂಡು ರಾಕ್ ಬ್ಯಾಂಡ್‌ಗಳ ಜಾಗ ಕಿತ್ತುಕೊಂಡರು ಎಂಬ ದೂರಿನಲ್ಲಿ ನನಗೆ ನಂಬಿಕೆಯಿಲ್ಲ. 1986ರ ಮೊದಲ ಪಟ್ಟಿಯನ್ನೇ ನೋಡಿ. ರೇ ಚಾರ್ಲ್ಸ್, ಸ್ಯಾಮ್ ಕುಕ್, ಜೇಮ್ಸ್ ಬ್ರೌನ್ ಯಾವ ಕಟ್ಟುನಿಟ್ಟಿನ ಅರ್ಥದಲ್ಲಿ ರಾಕ್ ಗಾಯಕರು? ಗಾಸ್ಪೆಲ್, ಬ್ಲೂಸ್, ಕಂಟ್ರಿ ಎಲ್ಲ ಬೆರೆತೇ ರಾಕ್ ಹುಟ್ಟಿತು. 2007ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡ, 2016ರಲ್ಲಿ ಎನ್.ಡಬ್ಲ್ಯು.ಎ. ಸೇರಿದ್ದು ಅದೇ ದಾರಿಯ ಮುಂದುವರಿಕೆ. ರ‍್ಯಾಪ್‌ಗೆ ಇಲ್ಲಿ ಜಾಗವಿಲ್ಲ ಎಂದು ಕಿಸ್ ತಂಡದ ಜೀನ್ ಸಿಮನ್ಸ್ ವಾದಿಸಿದಾಗ, ರಾಕ್ ಅಂಡ್ ರೋಲ್ ಎಂಬುದು ವಾದ್ಯದಲ್ಲಿಲ್ಲ, ಮನೋಧರ್ಮದಲ್ಲಿದೆ ಎಂದು ಎನ್.ಡಬ್ಲ್ಯು.ಎ.ಯ ಐಸ್ ಕ್ಯೂಬ್ 2016ರ ಸಮಾರಂಭದ ವೇದಿಕೆಯಲ್ಲಿ ಉತ್ತರಿಸಿದರು. ನನ್ನ ಮತ ಐಸ್ ಕ್ಯೂಬ್ ಕಡೆಗೆ. ಹಾರ್ಡ್ ರಾಕ್, ಮೆಟಲ್ ತಂಡಗಳು ಹೊರಗುಳಿದದ್ದು ವಿಮರ್ಶಕರ ತಾತ್ಸಾರದಿಂದ. ಆ ಸಿಟ್ಟನ್ನು ರ‍್ಯಾಪ್ ಹಾಡುವವರ ಮೇಲೆ ತೀರಿಸಿಕೊಳ್ಳುವುದು ಅನ್ಯಾಯ.

ಇತ್ತೀಚಿನ ವರ್ಷಗಳಲ್ಲಿ ಸಂಸ್ಥೆ ಇನ್ನೊಂದು ದಾರಿ ಕಂಡುಕೊಂಡಿದೆ. ಮತದಾನದಲ್ಲಿ ಮತ್ತೆ ಮತ್ತೆ ಸೋತವರನ್ನು ವಿಶೇಷ ಸಮಿತಿ ಬೇರೆ ವಿಭಾಗಗಳಲ್ಲಿ ಸೇರಿಸಿಕೊಳ್ಳುತ್ತದೆ. ಕ್ರಾಫ್ಟ್‌ವರ್ಕ್ 2021ರಲ್ಲಿ, ಜೂಡಾಸ್ ಪ್ರೀಸ್ಟ್ 2022ರಲ್ಲಿ, ಎಂಸಿ ಫೈವ್ 2024ರಲ್ಲಿ ಬಂದದ್ದು ಹೀಗೆ. ತಪ್ಪು ತಿದ್ದಿಕೊಳ್ಳುವ ಪ್ರಯತ್ನ ಎಂದು ಸ್ವಾಗತಿಸುತ್ತೇನೆ. ಆದರೆ ಜೂಡಾಸ್ ಪ್ರೀಸ್ಟ್‌ನಂಥ ತಂಡ ಮುಂಬಾಗಿಲಿನಿಂದಲೇ ಬರಬೇಕಿತ್ತು.

ನಮ್ಮ ಊರಿಗೂ ಈ ಚರ್ಚೆಯಲ್ಲಿ ಪಾಲಿದೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. ಆ ಎತ್ತರದ ಹೆವಿ ಮೆಟಲ್ ತಂಡ ಭಾರತಕ್ಕೆ ಬಂದದ್ದು ಅದೇ ಮೊದಲು. ಈಶಾನ್ಯ ರಾಜ್ಯಗಳಿಂದ ಹಿಡಿದು ದೇಶದ ಮೂಲೆಮೂಲೆಯಿಂದ ಯುವಕರು ರೈಲು ಹತ್ತಿ ಬಂದಿದ್ದರು. ರೋಲಿಂಗ್ ಸ್ಟೋನ್ಸ್ 2003ರಲ್ಲಿ ಬೆಂಗಳೂರಿಗೆ ಬಂದಾಗ ಬಂದವರಲ್ಲಿ ಹಿರಿಯರೂ ಇದ್ದರು, ಕುತೂಹಲಿಗಳೂ ಇದ್ದರು. ಮೇಡನ್‌ಗೆ ಬಂದವರಿಗೆ ಪ್ರತಿ ಹಾಡಿನ ಪ್ರತಿ ಗಿಟಾರ್ ಸ್ವರವೂ ಬಾಯಿಪಾಠವಾಗಿತ್ತು. ಇದೇ ಊರಿನಲ್ಲಿ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡದ ಸಂಗೀತ ಕೇಳಿ. ಐರನ್ ಮೇಡನ್ ಮತ್ತು ಜೂಡಾಸ್ ಪ್ರೀಸ್ಟ್ ರೂಢಿಗೆ ತಂದ ಜೋಡಿ ಗಿಟಾರ್‌ಗಳ ಹೆಣಿಗೆ ಅದರಲ್ಲಿ ನಿಚ್ಚಳವಾಗಿದೆ. ಆ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂತು. ಲಂಡನ್ನಿನ ಪೂರ್ವದ ಬಡಾವಣೆಯೊಂದರಲ್ಲಿ 1975ರಲ್ಲಿ ಸ್ಟೀವ್ ಹ್ಯಾರಿಸ್ ಕಟ್ಟಿದ ಬ್ಯಾಂಡ್‌ನ ನಾದವನ್ನು ಬೆಂಗಳೂರಿನ ಹುಡುಗರು ತಮ್ಮದಾಗಿಸಿಕೊಂಡು ಯುರೋಪಿಗೇ ಮರಳಿ ಒಯ್ದರು. ಪ್ರಭಾವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಸಮಿತಿಗೆ ಬೇಕು?

ಐರನ್ ಮೇಡನ್‌ಗೆ 2005ರ ಸುಮಾರಿಗೆ ಅರ್ಹತೆ ಬಂತು. ಮೊದಲ ನಾಮನಿರ್ದೇಶನ 2021ರಲ್ಲಿ. ಅದೇ ಮತಪತ್ರದಲ್ಲಿದ್ದ ಫೂ ಫೈಟರ್ಸ್ ಅರ್ಹತೆ ಬಂದ ಮೊದಲ ವರ್ಷವೇ ಗೆದ್ದಿತು, ಮೇಡನ್ ಸೋತಿತು. 2023ರಲ್ಲಿ ಮತ್ತೆ ಹೆಸರು ಬಂತು, ಮತ್ತೆ ಸೋತಿತು. ಅವರ ಆರಂಭದ ಆಲ್ಬಮ್‌ಗಳಲ್ಲಿ ಡ್ರಮ್ಸ್ ನುಡಿಸಿದ ಕ್ಲೈವ್ ಬರ್ 2013ರಲ್ಲೇ ಇಲ್ಲವಾದರು. ಮೊದಲೆರಡು ಆಲ್ಬಮ್‌ಗಳ ಗಾಯಕ ಪಾಲ್ ಡಿಯಾನೋ 2024ರಲ್ಲಿ ತೀರಿಕೊಂಡರು. ಮೋಟರ್‌ಹೆಡ್‌ನ ಕತೆ ಇದಕ್ಕಿಂತ ಕೆಟ್ಟದು. ಪಂಕ್‌ನ ವೇಗವನ್ನೂ ಮೆಟಲ್‌ನ ಭಾರವನ್ನೂ ಬೆಸೆದು ಮೆಟಾಲಿಕಾದಂಥವರಿಗೆ ದಾರಿ ಮಾಡಿದ ತಂಡವದು. ಅದರ ಹೆಸರು 2020ರಲ್ಲಿ ಮತಪತ್ರಕ್ಕೆ ಬರುವಷ್ಟರಲ್ಲಿ ತಂಡದ ಲೆಮ್ಮಿ, ಫಿಲ್ ಟೇಲರ್, ಎಡ್ಡಿ ಕ್ಲಾರ್ಕ್ ಮೂವರೂ ಹೋಗಿದ್ದರು. ಹಾಗಿದ್ದೂ ಆ ವರ್ಷ ಗೆಲ್ಲಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಅದೇ ತಂಡದಲ್ಲಿ ದುಡಿದ ಫಿಲ್ ಕ್ಯಾಂಪ್‌ಬೆಲ್ ಮತ್ತು ಮಿಕ್ಕಿ ಡೀ ಹೆಸರನ್ನು ಸೇರಿಸಲು ಅಭಿಮಾನಿಗಳೇ ಗದ್ದಲ ಎಬ್ಬಿಸಬೇಕಾಯಿತು.

ಈ ಗೌರವಕ್ಕೆ ಅರ್ಥವೇ ಇಲ್ಲ, ಇದರ ಬಗ್ಗೆ ತಲೆಕೆಡಿಸಿಕೊಳ್ಳುವುದೇಕೆ ಎನ್ನುವವರಿದ್ದಾರೆ. 2006ರಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡ ಒರಟು ಭಾಷೆಯ ಪತ್ರ ಬರೆದು ಸಮಾರಂಭಕ್ಕೆ ಬರಲು ನಿರಾಕರಿಸಿತು. ಐರನ್ ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್ ಕೂಡ ಈ ಸಂಸ್ಥೆಯನ್ನು ಕಟುವಾಗಿ ಟೀಕಿಸಿದವರೇ. ಅವರ ಸ್ವಾಭಿಮಾನವನ್ನು ಗೌರವಿಸುತ್ತೇನೆ. ಆದರೆ ಹಾಲ್ ಆಫ್ ಫೇಮ್ ಬರೀ ಒಂದು ಸಂಜೆಯ ಸಮಾರಂಭವಲ್ಲ. ಅದೊಂದು ಮ್ಯೂಸಿಯಂ. ಶಾಲೆಯ ಮಕ್ಕಳು ಅಲ್ಲಿಗೆ ಬಂದು ಈ ಸಂಗೀತದ ಚರಿತ್ರೆ ಕಲಿಯುತ್ತಾರೆ. ಆ ಗೋಡೆಯ ಮೇಲೆ ಯಾರ ಹೆಸರಿಲ್ಲವೋ ಅವರು ಮುಂದಿನ ಪೀಳಿಗೆಯ ಪಾಲಿಗೆ ಇರಲೇ ಇಲ್ಲ ಎಂದಾಗುತ್ತದೆ. ಕಲಾವಿದರಿಗೆ ಪ್ರಶಸ್ತಿ ಬೇಡದಿರಬಹುದು, ಚರಿತ್ರೆಗೆ ಅವರು ಬೇಕು.

ಸಂಸ್ಥೆ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮತಗಳ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಲಿ. ಅರ್ಹತೆ ಬಂದು ಹತ್ತು ವರ್ಷವಾದರೂ ನಾಮನಿರ್ದೇಶನಗೊಳ್ಳದ ತಂಡಗಳನ್ನು ಸಮಿತಿ ಕಡ್ಡಾಯವಾಗಿ ಮರುಪರಿಶೀಲಿಸಲಿ. ಅದರಲ್ಲೂ ಸದಸ್ಯರ ವಯಸ್ಸು ಎಪ್ಪತ್ತು ದಾಟಿದ್ದರೆ ಆ ಹೆಸರುಗಳನ್ನು ಮೊದಲು ತೆಗೆದುಕೊಳ್ಳಲಿ. 25 ವರ್ಷ ಕಾಯಿಸುವ ನಿಯಮಕ್ಕೆ ಅರ್ಥವಿದೆ, ಕಾಲದ ಪರೀಕ್ಷೆ ಬೇಕು. ಅದಾದ ಮೇಲೂ 20, 30 ವರ್ಷ ಕಾಯಿಸುವುದು ಪರೀಕ್ಷೆಯಲ್ಲ, ಅಸಡ್ಡೆ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಪಟ್ಟಿ ಬಂದು ವಾದ ಶುರುವಾದಾಗ ಮೊದಲು ರೊಸೆಟಾ ಥಾರ್ಪ್ ಅವರ ಮ್ಯಾಂಚೆಸ್ಟರ್ ಕಾರ್ಯಕ್ರಮ ನೋಡಿ. ಆಮೇಲೆ ಎಂಸಿ ಫೈವ್‌ನ ಮೊದಲ ಆಲ್ಬಮ್, ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಮ್, ಮೋಟರ್‌ಹೆಡ್ 1980ರಲ್ಲಿ ತಂದ ‘ಏಸ್ ಆಫ್ ಸ್ಪೇಡ್ಸ್’, ಐರನ್ ಮೇಡನ್‌ನ 1982ರ ‘ದ ನಂಬರ್ ಆಫ್ ದ ಬೀಸ್ಟ್’ ಕೇಳಿ. ಇವುಗಳಲ್ಲಿ ಎಷ್ಟು ನಿಮ್ಮ ಮೆಚ್ಚಿನ ಬ್ಯಾಂಡ್‌ನಲ್ಲಿ ಇನ್ನೂ ಉಸಿರಾಡುತ್ತಿದೆ ಎಂದು ಗಮನಿಸಿ, ಆಮೇಲೆ ವಾದಕ್ಕೆ ಕೂತುಕೊಳ್ಳಿ.